ಸಿಲೋನಿನವರು ನಮ್ಮ ಬೆಟ್ಟಕ್ಕೆ ಬಂದದ್ದು

ನಮ್ಮ ನೀಲಗಿರಿಯಲ್ಲಿ ಟೀ ಚಿಗುರು ಕೀಳೋ ಎಷ್ಟೋ ಜನರನ್ನ ಈಗಲೂ ‘ಸಿಲೋನಿನವರು’ ಅಂತೀವಿ. ಅವರು ಯಾಕೆ ಬಂದರು ಅನ್ನೋದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಬ್ರಿಟಿಷರ ಕಾಲದಲ್ಲಿ ಕಂಗಾಣಿಗಳು ತಮಿಳು ಸೀಮೆಯ ಬಡವರಿಗೆ ಮುಂಗಡ ಕೊಟ್ಟು ಸಿಲೋನಿಗೆ ಕರಕೊಂಡು ಹೋದರು. ಮೊದಲು ಕಾಫಿ ತೋಟ, ಆಮೇಲೆ ಟೀ ತೋಟ. ಮೂರು ನಾಲ್ಕು ತಲೆಮಾರು ಅಲ್ಲೇ ದುಡಿದರು. 1948ರಲ್ಲಿ ಆ ದೇಶಕ್ಕೆ ಸ್ವಾತಂತ್ರ್ಯ ಬಂತು. ಅದೇ ವರ್ಷದ ಪೌರತ್ವ ಕಾಯಿದೆಯಿಂದ ಇವರು ಯಾವ ದೇಶದವರೂ ಅಲ್ಲ ಅಂತ ಆಯ್ತು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಒಪ್ಪಂದ ಮಾಡಿದರು. 9,75,000 ಜನರ ಲೆಕ್ಕ ಹಾಕಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ ಅಂದರು. ಉಳಿದ 1,50,000 ಜನರನ್ನ 1974ರಲ್ಲಿ ಅರ್ಧರ್ಧ ಮಾಡಿಕೊಂಡರು. ಅಣ್ಣತಮ್ಮಂದಿರು ಪಾಲಾಗುವಾಗ ದನ ಹಂಚಿಕೊಂಡ ಹಾಗೆ.

ಹಡಗಿನಲ್ಲಿ ರಾಮೇಶ್ವರಕ್ಕೆ ಬಂದವರಿಗೆ ಕೆಲಸ ಬೇಕಲ್ಲ? ಅದಕ್ಕೇ ತಮಿಳುನಾಡು ಸರ್ಕಾರ ನಮ್ಮ ಬೆಟ್ಟದ ಕಾಡು ಕಡಿಸಿ ಟೀ ತೋಟ ಮಾಡಿತು. ಅದೇ ಈಗಿನ ಟ್ಯಾನ್‌ಟೀ. ಗೂಡಲೂರು, ಪಂದಲೂರು, ಚೇರಂಬಾಡಿ, ಕೋತಗಿರಿ ಕಡೆ ಲೈನ್ ಮನೆಗಳು ಎದ್ದವು. ಎಲ್ಲರಿಗೂ ಅಲ್ಲಿ ಕೆಲಸ ಸಿಗಲಿಲ್ಲ. ಬಯಲುಸೀಮೆಯಲ್ಲಿ ಸಾಲ ತಗೊಂಡು ಅಂಗಡಿ ಇಟ್ಟು ಸೋತವರೂ ಬೆಟ್ಟ ಹತ್ತಿದರು. 1977ರಲ್ಲಿ, 1983ರಲ್ಲಿ ಅಲ್ಲಿ ಗಲಭೆ ಆದ ಮೇಲೆ ಇನ್ನಷ್ಟು ಜನ ಬಂದರು.

ಇದರಿಂದ ಲಾಭ ಯಾರಿಗೆ? ಮೊದಲು ಜಮೀನಿದ್ದವರಿಗೆ. ಆಲೂಗಡ್ಡೆ ಹೊಲ ಟೀ ತೋಟ ಆಗ್ತಾ ಇದ್ದ ಕಾಲ ಅದು. ಆಲೂಗಡ್ಡೆಗೆ ಬಿತ್ತೋವಾಗ, ಅಗೆಯೋವಾಗ ಆಳು ಸಾಕು. ಟೀಗೆ ಹಾಗಲ್ಲ, ಹತ್ತು ಹದಿನೈದು ದಿನಕ್ಕೊಮ್ಮೆ ವರ್ಷವೆಲ್ಲ ಕೀಳಬೇಕು. ಆ ಕೆಲಸ ಕೈಯಲ್ಲೇ ಇದ್ದವರು ಬಾಗಿಲಿಗೆ ಬಂದರು. ನಷ್ಟ ಕೂಲಿಯನ್ನೇ ನಂಬಿದ್ದ ಇಲ್ಲಿನ ಬಡವರಿಗೆ. ಹೊರಗೆ ಹತ್ತು ಜನ ಕಾಯ್ತಾ ನಿಂತಿದ್ದರೆ ಯಾರು ಕೂಲಿ ಏರಿಸ್ತಾರೆ? ಪಣಿಯರು, ಕುರುಂಬರು ಜೇನು, ಗೆಡ್ಡೆ ತರ್ತಿದ್ದ ಕಾಡೂ ಹೋಯ್ತು. ಅವರನ್ನ ಕೇಳಿದವರಿಲ್ಲ.

ಆಗ ಹುಟ್ಟಿದ ಸಿಟ್ಟೆಲ್ಲ ಬಂದವರ ತಲೆ ಮೇಲೆ ಬಿತ್ತು. ಆದರೆ ಕಾಡು ಕಡೀರಿ ಅಂದವರು ಅವರಲ್ಲ, ಕೂಲಿ ಗೊತ್ತುಮಾಡಿದವರೂ ಅವರಲ್ಲ. ಅವರ ಹಸಿವು ನೋಡಿ ಕಡಿಮೆ ಕೊಟ್ಟವರು ಬೇರೆ.

1990ರ ದಶಕದ ಕೊನೆಗೆ ಹಸಿರೆಲೆ ಬೆಲೆ ಬಿದ್ದಾಗ ಹಟ್ಟಿಯವರೂ ಲೈನಿನವರೂ ಒಟ್ಟಿಗೇ ಸೊರಗಿದರು. ಅವರ ಮಕ್ಕಳು ತಿರುಪ್ಪೂರು, ಕೊಯಮತ್ತೂರಿಗೆ ಇಳಿದರು. ಅವರ ಜಾಗಕ್ಕೆ ಈಗ ಅಸ್ಸಾಂ, ಜಾರ್ಖಂಡಿನವರು ಬಂದಿದ್ದಾರೆ. ‘ಇವರು ಬಂದು ನಮ್ಮ ಕೂಲಿ ಹೋಯ್ತು’ ಅನ್ನೋ ಮಾತು ಟೀ ಅಂಗಡಿಯಲ್ಲಿ ಮತ್ತೆ ಕೇಳ್ತಿದೆ. ಮೇಷ್ಟ್ರುಗಳು ಈ ಕಥೆ ಹೇಳೋವಾಗ ಮಕ್ಕಳಿಗೆ ಒಂದು ಪ್ರಶ್ನೆ ಹಾಕಲಿ: ಕೂಲಿ ಇಳಿಸೋರು ಯಾರು, ಬಂದವರೋ ಕೊಡೋರೋ?