ಅಂಜದೀವದಿಂದ ಮುಂಬಯಿಗೆ: ಹಂಫ್ರಿ ಕುಕ್ಕನ ಅಧಿಕಾರ

ಮುಂಬಯಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ 1661ರ ರಾಜವಿವಾಹದ ಒಪ್ಪಂದದಿಂದ ಪ್ರಾರಂಭಿಸಿ ಒಡನೆಯೇ ಕುಂಪಣಿಯ ಆಳಿಕೆಗೆ ಬಂದುಬಿಡುವರು. ನಡುವಣ ಕಾಲದ ಬಹುಭಾಗವು ನಮ್ಮ ಕಾರವಾರದ ಕಡಲಿನಲ್ಲಿಯೇ ಕಳೆಯಿತೆಂಬದನ್ನು ಹಣಕೋಣ, ಸದಾಶಿವಗಡಗಳ ಸುಶಿಕ್ಷಿತರೂ ನೆನೆಯುವದು ಅಪರೂಪ.

ಪೋರ್ತುಗಾಲದ ರಾಜಪುತ್ರಿ ಕ್ಯಾಥರೀನಳ ಬಳುವಳಿಯಾಗಿ ಮುಂಬಯಿಯು ಎರಡನೆಯ ಚಾರ್ಲ್ಸ್ ದೊರೆಗೆ ಸಂದಿತು. ಅದನ್ನು ವಶಪಡಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ನನು ನಾಲ್ಕುನೂರಕ್ಕೆ ಕಡಿಮೆಯಿಲ್ಲದ ಸೈನಿಕರೊಡನೆ 1662ರಲ್ಲಿ ಬಂದನು. ಆದರೆ ಗೋವೆಯ ವೈಸರಾಯ ಮೆಲೊ ದ ಕಾಸ್ತ್ರೊ ಎಂಬವನು ಅಧಿಕಾರಪತ್ರಗಳು ಕ್ರಮವಾಗಿಲ್ಲವೆಂದು ದ್ವೀಪವನ್ನು ಬಿಟ್ಟುಕೊಡಲಿಲ್ಲ. ಸೈನ್ಯವನ್ನು ಸುರತೆಯಲ್ಲಿ ಇಳಿಸೋಣವೆಂದರೆ ಅಲ್ಲಿಯ ಇಂಗ್ಲಿಷ್ ವರ್ತಕರಿಗೆ ಮೊಗಲರ ಭಯ. ಕಡೆಗೆ ಉಳಿದದ್ದು ಅಂಜದೀವ.

ಬಿಣಗೆಯ ದಂಡೆಗೆ ಸುಮಾರು ಒಂದು ಮೈಲು ದೂರದಲ್ಲಿರುವ ಈ ನಡುಗಡ್ಡೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. 1505ರಲ್ಲಿ ಅಲ್ಮೇದನು ಇಲ್ಲಿ ಕೋಟೆಯನ್ನು ಕಟ್ಟಿಸಿದನು. ಮರುವರ್ಷವೇ ಪೋರ್ತುಗೀಜರು ಅದನ್ನು ತಾವಾಗಿಯೇ ಕೆಡವಿಹಾಕಿದರು. ಇಂಥ ಸ್ಥಳದಲ್ಲಿ ಮುಂಬಯಿಯ ಗವರ್ನರನು ತನ್ನ ದಂಡಿನೊಡನೆ ಕಾದು ಕುಳಿತನು! ನಮ್ಮ ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾದದ್ದಿಲ್ಲ. ಎರಡು ಮಳೆಗಾಲಗಳು ಕಳೆಯುವಷ್ಟರಲ್ಲಿ ಸೈನಿಕರಲ್ಲಿ ಸುಮಾರು ನೂರು ಮಂದಿ ಮಾತ್ರ ಉಳಿದರು. 1664ರಲ್ಲಿ ಶಿಪ್‌ಮನ್ನನೂ ಅಲ್ಲಿಯೇ ತೀರಿಕೊಂಡನು. ಸಾಯುವ ಮುನ್ನ ತನ್ನ ಕಾರ್ಯದರ್ಶಿಯಾದ ಹಂಫ್ರಿ ಕುಕ್ಕನನ್ನು ಉತ್ತರಾಧಿಕಾರಿಯೆಂದು ಬರೆದಿಟ್ಟಿದ್ದನು.

ಕುಕ್ಕನ ಅಧಿಕಾರಕ್ಕೆ ಆಧಾರವು ಸತ್ತವನ ಈ ಬರಹವೊಂದೇ. ಗೋವೆಯವರು ಅದನ್ನು ಪರೀಕ್ಷಿಸಿ, ಕೊನೆಗೆ ಒಪ್ಪಿದರು. ಒಪ್ಪಿಗೆಯ ಬೆಲೆಯನ್ನೂ ವಸೂಲು ಮಾಡಿದರು. 1665ರ ಜನವರಿ 14ರಂದು ಪಣಜಿಯಲ್ಲಿ ಕುಕ್ಕನು ಸಹಿ ಮಾಡಿದ ಕರಾರಿನಂತೆ ಸುತ್ತಲಿನ ದ್ವೀಪಗಳ ಮೇಲಿನ ಹಕ್ಕು ತಪ್ಪಿಹೋಯಿತು. ಸಾಷ್ಟಿಯ ಕಡೆಗೆ ಸಾಗುವ ಪೋರ್ತುಗೀಜರ ಸರಕಿನ ಮೇಲೆ ಸುಂಕವೂ ಇಲ್ಲವಾಯಿತು. ಫೆಬ್ರುವರಿ 18ರಂದು ಮುಂಬಯಿಯು ಅವನ ಕೈಗೆ ಬಂದಿತು. ಚಾರ್ಲ್ಸ್ ದೊರೆಯು ಕೋಪಗೊಂಡು ಈ ಕರಾರನ್ನು ನಿರಾಕರಿಸಿದನು. ಅನೇಕ ಇತಿಹಾಸಕಾರರೂ ಕುಕ್ಕನನ್ನೇ ದೂರುವರು. ಆದರೆ ಇನ್ನೊಂದು ಮಳೆಗಾಲವನ್ನು ಅಂಜದೀವದಲ್ಲಿ ಕಳೆದಿದ್ದರೆ ದ್ವೀಪವನ್ನು ಸ್ವೀಕರಿಸಲು ಎಷ್ಟು ಜನ ಬದುಕಿರುತ್ತಿದ್ದರು? ಲಂಡನಿನಲ್ಲಿ ಕುಳಿತವರಿಗೆ ಈ ಲೆಕ್ಕ ತಿಳಿಯುವಂತಿರಲಿಲ್ಲ. ಅದೂ ಅಲ್ಲದೆ, ಕರಾರಿಗೆ ಸಹಿ ಮಾಡಿದ ಕೈಯೇ ಅಲ್ಪಕಾಲದಲ್ಲಿ ಮಾಹಿಮನ್ನು ಆಕ್ರಮಿಸಿತೆಂಬದನ್ನು ನೋಡಿದರೆ, ಅವನು ಮೆತ್ತಗಿನ ಆಳಲ್ಲವೆಂದು ತೋರುವದು.

ಹಾಗೆಂದು ಅವನ ಆಡಳಿತವು ನಿರ್ಮಲವಾಗಿತ್ತೆಂದು ಹೇಳಲಾಗದು. 1666ರ ನವಂಬರದಲ್ಲಿ ಹೊಸ ಗವರ್ನರನಾಗಿ ಬಂದ ಸರ್ ಜರ್ವೇಸ್ ಲೂಕಸನು, ಪ್ರಜೆಗಳಿಂದ ಹಣ ಸುಲಿದನೆಂಬ ಆರೋಪವನ್ನು ಹೊರಿಸಿ ಕುಕ್ಕನನ್ನು ಸೆರೆಯಲ್ಲಿಟ್ಟನು. ಕುಕ್ಕನು ಗೋವೆಗೆ ಓಡಿಹೋದನು. ತನಗೆ ಬೇಕಾದಷ್ಟು ಅಡ್ಡಿ ಮಾಡಿದ್ದ ಪೋರ್ತುಗೀಜರ ಆಶ್ರಯವನ್ನೇ ಪಡೆಯಬೇಕಾಯಿತು! 1667ರ ಮೇ ತಿಂಗಳಲ್ಲಿ ಲೂಕಸನು ಸಾಯಲು, ಅಧಿಕಾರವು ಹೆನ್ರಿ ಗ್ಯಾರಿಯ ಪಾಲಿಗೆ ಬಂದಿತು. ಗವರ್ನರನ ಪದವಿಯು ತನ್ನದೆಂದು ಕುಕ್ಕನು ಸಾಷ್ಟಿಯಲ್ಲಿ ಜನರನ್ನು ಕೂಡಿಸತೊಡಗಿದನು. ಪ್ರಯತ್ನವು ಫಲಿಸಲಿಲ್ಲ, ರಾಜದ್ರೋಹಿಯೆಂಬ ಹೆಸರು ಮಾತ್ರ ಬಂದಿತು.

ಅಷ್ಟು ಜೀವಗಳನ್ನು ತೆತ್ತು ಪಡೆದ ಮುಂಬಯಿಯನ್ನು ಚಾರ್ಲ್ಸ್ ದೊರೆಯು 1668ರಲ್ಲಿ ವರ್ಷಕ್ಕೆ 10 ಪೌಂಡಿನ ಗೇಣಿಗೆ ಕುಂಪಣಿಗೆ ಒಪ್ಪಿಸಿದನು.