ಹರಿದ ಇಳಕಲ್ಲ ಸೀರೆ, ಒಕ್ಕಣ್ಣ ಕುದುರೆ

ನಿಮ್ಮ ಮನೆಯ ಹಳೆಯ ಟ್ರಂಕನ್ನೊಮ್ಮೆ ತೆರೆದು ನೋಡಿರಿ. ಅದರ ತಳದಲ್ಲಿ ಅಜ್ಜಿಯ ಇಳಕಲ್ಲ ಸೀರೆಯೊಂದು, ಮಡಿಕೆ ಬಿದ್ದಲ್ಲೆಲ್ಲ ಸೀಳಿಕೊಂಡು, ಮಲಗಿರಬಹುದು. ಚಿಕ್ಕೋಡಿ ತಾಲ್ಲೂಕಿನ ಏಕಸಂಬಿಯಂಥ ಊರುಗಳಲ್ಲಿ ಇದು ಅಪರೂಪವಲ್ಲ. ದೂಧಗಂಗೆಯ ಆಚೆಗೆ ಮಹಾರಾಷ್ಟ್ರ. ಈಚೆಯ ನಾಡೂ 1956ರವರೆಗೆ ಮುಂಬಯಿ ರಾಜ್ಯಕ್ಕೇ ಸೇರಿತ್ತು. ಆದುದರಿಂದ ಮರಾಠಿಗರು ‘ಇರಕಲ್’ ಎನ್ನುವ ಈ ಸೀರೆಯ ಜೊತೆಗೆ ಗುಳೇದಗುಡ್ಡದ ಖಣವೂ ಪೈಠಣಿಯೂ ಒಂದೇ ಪೆಟ್ಟಿಗೆಯಲ್ಲಿ ದೊರೆತರೆ ಆಶ್ಚರ್ಯವಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಮನೆಗಳಿಗೆ ನುಗ್ಗಿದಾಗ ಇಂಥ ಎಷ್ಟು ಪೆಟ್ಟಿಗೆಗಳು ನೆನೆದವೋ!

ಮಗಳ ಕಾಲೇಜಿನ ಶುಲ್ಕಕ್ಕೋ ಆಸ್ಪತ್ರೆಯ ಖರ್ಚಿಗೋ ಅಂಥ ಸೀರೆಯನ್ನು ಮಾರುವ ಪ್ರಸಂಗ ಬಂತೆನ್ನಿ. ಹೊಲಿಸಿ ಮಾರಬೇಕೋ, ಇದ್ದಂತೆಯೇ ಮಾರಬೇಕೋ?

ಮೊದಲು ಕೊಳ್ಳುವವನಾರೆಂದು ನೋಡಬೇಕು. ಬೀದಿಯಲ್ಲಿ ಕೂಗುತ್ತ ಬರುವ ಹಳೆಯ ಜರಿಯ ವ್ಯಾಪಾರಿಗೆ ನೇಯ್ಗೆ ಬೇಕಿಲ್ಲ. ಹಿಂದಿನ ಅಸಲು ಜರಿಯೆಂದರೆ ರೇಷ್ಮೆಯ ಎಳೆಗೆ ಸುತ್ತಿದ ಬೆಳ್ಳಿಯ ತಂತಿ, ಮೇಲೆ ಚಿನ್ನದ ಲೇಪ. ಅದನ್ನು ಸುಟ್ಟು ಬೆಳ್ಳಿ ತೆಗೆಯುವವನಿಗಾಗಿ ರಫೂ ಮಾಡಿಸುವುದು ದುಡ್ಡಿನ ದಂಡ. ಸಂಗ್ರಹಕಾರನ ಮಾತು ಬೇರೆ. ಇಳಕಲ್ಲ ಸೀರೆಯ ಮೈಯ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಅದೇ ಅದರ ಗುರುತು. ಆ ಕೊಂಡಿಯನ್ನೇ ಕತ್ತರಿಸಿ ಮಷೀನಿನಲ್ಲಿ ಹೊಲಿದುಬಿಟ್ಟರೆ, ಅವನು ಹಣ ಕೊಡಬೇಕಾದ ವಸ್ತುವೇ ಹೋಯಿತು. ಕಸೂತಿಯಲ್ಲಿಯೂ ಹಾಗೆಯೇ: ಗವಂತಿ, ಮುರಗಿ ಹೊಲಿಗೆಗಳು ಗಂಟಿಲ್ಲದೆ ಎರಡೂ ಮಗ್ಗುಲಿಗೆ ಒಂದೇ ರೂಪದಲ್ಲಿ ಮೂಡಬೇಕು. ಅವಸರದ ಸೂಜಿ ಹಿಂಬದಿಯಲ್ಲಿ ಸಿಕ್ಕಿಬೀಳುತ್ತದೆ.

ನುರಿತ ರಫೂಗಾರನ ಕೈ ಬೇರೆ ಬಗೆಯದು. 19ನೇ ಶತಮಾನದ ಕಾಶ್ಮೀರದಲ್ಲಿ ಶಾಲುಗಳನ್ನು ತುಂಡುತುಂಡಾಗಿ ನೇಯ್ದಾಗ ಅವುಗಳನ್ನು ಜೋಡಣೆ ಕಾಣದಂತೆ ಕೂಡಿಸುತ್ತಿದ್ದವರು ರಫೂಗಾರರೇ. ಹಳೆಯ ವಸ್ತ್ರಕ್ಕೆ ಹೊಸ ಬಟ್ಟೆಯ ತೇಪೆ ಕೂಡದೆಂಬ ಸುವಾರ್ತೆಯ ಮಾತು ನೀವು ಕೇಳಿದ್ದೇ. ನೀರು ಕಾಣದ ಬಟ್ಟೆ ಒಗೆದಾಗ ಕುಗ್ಗುತ್ತದೆ, ಸವೆದ ಎಳೆಗಳನ್ನು ಜಗ್ಗುತ್ತದೆ. ನಮ್ಮ ಕೌದಿ ಹೊಲಿಯುವ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಧರ್ಮದ ಪ್ರಶ್ನೆ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯಾಲಜಿಯೇ’ಯಲ್ಲಿ, ಮಾರುವವನು ಸರಕಿನ ದೋಷವನ್ನು ಹೇಳಲೇಬೇಕೇ ಎಂದು ವಿಚಾರಿಸುತ್ತಾರೆ. ಕುದುರೆಗೆ ಒಂದೇ ಕಣ್ಣಿದ್ದು ಅದು ಎದುರಿಗೇ ಕಾಣುತ್ತಿದ್ದರೆ, ತಕ್ಕಂತೆ ಬೆಲೆ ಇಳಿಸಿದವನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ಕೊಳ್ಳುವವನಿಗೆ ನಷ್ಟವನ್ನೋ ಅಪಾಯವನ್ನೋ ತರುವ ದೋಷ ಮರೆಯಲ್ಲಿದ್ದರೆ ಹೇಳಲೇಬೇಕು. ಸೆಮಿನರಿಯಲ್ಲಿ ಇದನ್ನೋದುವಾಗ ನನ್ನ ಕಣ್ಣೆದುರು ಕುದುರೆಯಷ್ಟೇ ಇತ್ತು, ಸೀರೆ ಇರಲಿಲ್ಲ. ಹರಿದ ಸೀರೆ ಒಕ್ಕಣ್ಣ ಕುದುರೆಯೇ. ಹರಕು ತಾನೇ ಮಾತಾಡುತ್ತದೆ. ಸೊಗಸಾಗಿ ರಫೂ ಮಾಡಿಸಿದೆವೋ, ಕಾಣುವ ದೋಷವನ್ನು ನಾವೇ ಕಾಣದಂತೆ ಮಾಡಿದೆವು. ಅಂದಿನಿಂದ ಹೇಳುವ ಹೊಣೆ ನಮ್ಮ ಹೆಗಲಿಗೆ.

ಹರಕು ಇನ್ನೂ ಹರಡುವಂತಿದ್ದರೆ ಹಿಂದಿನಿಂದ ತೆಳುವಾದ, ತೊಳೆದ ಹತ್ತಿಯ ಬಟ್ಟೆಯನ್ನು ಸಡಿಲವಾಗಿ, ಬೇಕೆಂದಾಗ ಬಿಚ್ಚುವಂತೆ, ಕೂಡಿಸಿದರೆ ಸಾಕೆಂದು ನನ್ನ ಅಭಿಪ್ರಾಯ. ಉಳಿದುದನ್ನು ಕೊಳ್ಳುವವನ ತೀರ್ಮಾನಕ್ಕೆ ಬಿಡೋಣ. ಸೆರಗಿನಿಂದ ಕಿತ್ತುಬಂದ ಎಳೆಗಳನ್ನೂ ಎಸೆಯದೆ ಕಾಗದದಲ್ಲಿ ಕಟ್ಟಿ ಸೀರೆಯೊಡನೆ ಕೊಡಿರಿ. ಮುಂದೆ ಅದನ್ನು ಕೈಗೆತ್ತಿಕೊಳ್ಳುವ ರಫೂಗಾರನಿಗೆ ಅದೇ ಬಣ್ಣದ ನೂಲು ಬೇರೆಲ್ಲಿ ದೊರೆತೀತು?