ಜೋತುಬಿದ್ದ ಪಾದ ಮತ್ತು ಕಾಂತ ಪ್ರಚೋದನೆ: ಗದಗ ಸೀಮೆಗೆ ಸಂಬಂಧಿಸಿ ಒಂದು ಟಿಪ್ಪಣಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹೊಲಗಳಲ್ಲಿ ಕಳೆ ಕೀಳುವುದು, ಉಳ್ಳಾಗಡ್ಡಿ ಕೊಯ್ಯುವುದು ಬಹುಮಟ್ಟಿಗೆ ಕುಕ್ಕರಗಾಲಿನ ಕೆಲಸ. ಹೊತ್ತುಗಟ್ಟಲೆ ಹಾಗೆ ಕೂತರೆ ಮೊಣಕಾಲಿನ ಹೊರಬದಿಯಲ್ಲಿ ಫಿಬುಲಾ ಎಲುಬನ್ನು ಬಳಸಿ ಹಾಯುವ ಪೆರೋನಿಯಲ್ ನರ ಅದುಮಿಕೊಳ್ಳಬಹುದು. ಅಲ್ಲಿ ಅದಕ್ಕೆ ಚರ್ಮ ಬಿಟ್ಟರೆ ಹೆಚ್ಚಿನ ಹೊದಿಕೆಯಿಲ್ಲ. ಎದ್ದು ನಡೆದಾಗ ಪಾದ ಮೇಲೇಳದೆ ಜೋತುಬೀಳುತ್ತದೆ. ಕಾಂತ ಪ್ರಚೋದನೆಯ ಬಲವನ್ನೂ ಮಿತಿಯನ್ನೂ ಅಳೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುತ್ತಿಲ್ಲ.

ಈ ಚಿಕಿತ್ಸೆಯಲ್ಲಿ ಮೈಗೆ ಹಿಡಿದ ತಾಮ್ರದ ಸುರುಳಿಯೊಳಗೆ ಕ್ಷಣಮಾತ್ರ ಭಾರೀ ವಿದ್ಯುತ್ ಹರಿದಾಗ ಒಂದೆರಡು ಟೆಸ್ಲಾದಷ್ಟು ಕಾಂತಕ್ಷೇತ್ರ ಎದ್ದು ಇಳಿಯುತ್ತದೆ. ಫ್ಯಾರಡೆ 1831ರಲ್ಲಿ ತೋರಿಸಿದ ನಿಯಮದಂತೆ, ಆ ಏರಿಳಿತ ಮೈಯೊಳಗೆ ವಿದ್ಯುತ್ತನ್ನು ಹುಟ್ಟಿಸಿ ನರವನ್ನು ಕೆರಳಿಸುತ್ತದೆ. ಚರ್ಮಕ್ಕೆ ತಂತಿ ಅಂಟಿಸಿ ಕೊಡುವ ಕರೆಂಟಿಗಿಂತ ಇದರಲ್ಲಿ ನೋವು ಕಡಿಮೆ. ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು 1982ರಲ್ಲಿ ಹೊರನರಕ್ಕೂ 1985ರಲ್ಲಿ ಮಿದುಳಿಗೂ ಇದನ್ನು ಪ್ರಯೋಗಿಸಿದರು. ಸೊಂಟಕ್ಕೆ ಬಿಗಿಯುವ ಆಯಸ್ಕಾಂತದ ಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ; ಅದರ ಕಾಂತಕ್ಷೇತ್ರ ಏರಿಳಿಯುವುದೇ ಇಲ್ಲ.

ತೊಡಕು ಇರುವುದು ಗಾಯದ ಬಗೆಯಲ್ಲಿ. 1943ರಲ್ಲಿ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ ನರಗಾಯವನ್ನು ಮೂರಾಗಿ ವಿಂಗಡಿಸಿದರು: ತಂತು ಉಳಿದು ಸಂದೇಶ ಮಾತ್ರ ತಡೆದಿರುವುದು, ಹೊರಕವಚ ಉಳಿದು ಒಳತಂತು ಕಡಿದಿರುವುದು, ನರವೇ ತುಂಡಾಗಿರುವುದು. ಕುಕ್ಕರಗಾಲಿನ ಒತ್ತಡದಿಂದ ಆಗುವುದು ಹೆಚ್ಚಾಗಿ ಮೊದಲನೆಯದು. ತಡೆಯ ಕೆಳಗಿನ ನರ ಜೀವಂತವಾಗಿರುವುದರಿಂದ ಅಲ್ಲಿ ಸುರುಳಿ ಹಿಡಿದರೆ ಪಾದ ಟಕ್ಕನೆ ಏಳುತ್ತದೆ. ರೋಗಿಗೆ ಭರವಸೆ ಬರುವುದು ಸಹಜ. ಆದರೆ ಇಂಥ ಗಾಯ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ. ಹೆಸರು ಮಾತ್ರ ಯಂತ್ರಕ್ಕೆ ಹೋಗುತ್ತದೆ.

ಕುಡಗೋಲಿನ ಏಟಿಗೆ ನರ ತುಂಡಾದವರ ಪಾಡು ಬೇರೆ. ಹತ್ತು ದಿನದೊಳಗೆ ಏಟಿನ ಕೆಳಗಿನ ನರ ಪ್ರಚೋದನೆಗೆ ಓಗೊಡುವುದನ್ನು ನಿಲ್ಲಿಸುತ್ತದೆ. ನರ ಕಳೆದುಕೊಂಡ ಸ್ನಾಯುವನ್ನು ನೇರವಾಗಿ ಕುಗ್ಗಿಸಲು ಹಲವು ಮಿಲಿಸೆಕೆಂಡುಗಳಷ್ಟು ದೀರ್ಘ ಮಿಡಿತ ಬೇಕು. ಸುರುಳಿ ಕೊಡುವ ಮಿಡಿತ ಒಂದು ಮಿಲಿಸೆಕೆಂಡಿಗಿಂತ ಚಿಕ್ಕದು. ಚಿಕಿತ್ಸೆಯ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವ ಗಾಯದಲ್ಲೇ ಈ ಸಾಧನ ಸ್ನಾಯುವನ್ನು ಕದಲಿಸಲಾರದು. ಹೊಲಿಗೆ ಹಾಕಿದ ಮೇಲೂ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಒಂದೂವರೆ ವರ್ಷ ಕಳೆದರೆ ಸ್ನಾಯು ಆ ನರವನ್ನು ಒಪ್ಪಿಕೊಳ್ಳುವ ಸಂಭವ ತೀರ ಕಡಿಮೆ. ಅಂಥವರು ಸುರುಳಿಯ ಮುಂದೆ ತಿಂಗಳುಗಟ್ಟಲೆ ಕೂತರೆ ಕಳೆದುಕೊಳ್ಳುವುದು ದುಡ್ಡನ್ನಷ್ಟೇ ಅಲ್ಲ.

ಪಾರ್ಶ್ವವಾಯುವಿನ ಬಳಿಕದ ಬಳಕೆಗೂ ಆಧಾರ ತೆಳುವಾಗಿದೆ. ಹೊರನರದ ಕಾಂತ ಪ್ರಚೋದನೆ ಕುರಿತು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ವಿಮರ್ಶೆಗೆ 2019ರಲ್ಲಿ ಸಿಕ್ಕಿದ್ದು ಕೆಲವೇ ಸಣ್ಣ ಪ್ರಯೋಗಗಳು. ವಾಡಿಕೆಯ ಚಿಕಿತ್ಸೆಯಾಗಿ ಒಪ್ಪಲು ಅವು ಸಾಲಲಿಲ್ಲ. ಪೇಸ್‌ಮೇಕರ್ ಇದ್ದವರಂತೂ ಈ ಸುರುಳಿಯ ಹತ್ತಿರ ಸುಳಿಯಬಾರದು.

ಎಲ್ಲವೂ ಗಾಯದ ಬಗೆಯ ಮೇಲೆ ನಿಂತಿರುವುದರಿಂದ ಪಾದ ಜೋತವರಿಗೆ ಮೊದಲು ಬೇಕಾದ್ದು ನರದ ವೇಗ ಅಳೆಯುವ ಪರೀಕ್ಷೆ. ಈ ಸೀಮೆಯಲ್ಲಿ ಯಾರಾದರೂ ಅಧ್ಯಯನ ಕೈಗೊಂಡರೆ ತಾನಾಗಿ ವಾಸಿಯಾಗುವ ಮೊದಲ ಬಗೆಯನ್ನೂ ನರವೇ ತುಂಡಾದ ಮೂರನೆಯ ಬಗೆಯನ್ನೂ ಬಿಟ್ಟು, ಪರೀಕ್ಷೆಯಲ್ಲಿ ಎರಡನೆಯ ಬಗೆಯ ಗಾಯ ಎಂದು ಕಂಡವರನ್ನೇ ಆರಿಸಿ, ಅರ್ಧ ಜನಕ್ಕೆ ಸದ್ದು ಮಾತ್ರ ಮಾಡುವ ಸುಳ್ಳು ಸುರುಳಿ ಹಿಡಿದು, ಯಾರಿಗೆ ಯಾವುದೆಂದು ಅಳೆಯುವವರಿಗೂ ತಿಳಿಯದಂತೆ ಒಂದು ವರ್ಷ ನಡಿಗೆಯನ್ನು ಅಳೆಯಬೇಕು.